ಸೂತಕ ಕಳೆದ ಮೇಲೆ: ಮಗು ಕಳೆದುಕೊಂಡ ಮನೆಯವರಿಗೆ

ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬಂದರು. ಮನೆ ತೊಳೆದರು, ಹಾಸಿಗೆ ಬಟ್ಟೆ ಒಗೆದು ಹರವಿದರು, ಸಂಜೆ ಐದರ ಬಸ್ಸಿಗೆ ನೆಂಟರೆಲ್ಲ ಹೊರಟರು. ಹೊರಡುವಾಗ ನನ್ನ ಸೋದರತ್ತೆ ತಲೆ ಸವರಿ, "ಎಳೆ ಜೀವ ಕಣವ್ವ, ಅದಕ್ಕೆ ತಿಥಿ ಗಿಥಿ ಅಂತ ಏನೂ ಇಲ್ಲ. ಇಲ್ಲಿಗೆ ಮುಗೀತು" ಅಂದರು. ಸಮಾಧಾನಕ್ಕೆ ಆಡಿದ ಮಾತು. ನನಗೆ ಮಾತ್ರ ಆಗಿನ್ನೂ ಏನೂ ಶುರುವೇ ಆಗಿರಲಿಲ್ಲ. ನಮ್ಮ ಪುಟ್ಟನಿಗೆ ಎರಡು ವರ್ಷ ನಾಲ್ಕು ತಿಂಗಳು. ಮಿದುಳು ಜ್ವರ. ಸೋಮವಾರ ಬೆಳಿಗ್ಗೆ ಮೈ ಬಿಸಿಯಾಯಿತು, ಗುರುವಾರ ಹೊತ್ತು ಮೂಡುವ ಮೊದಲೇ ತಣ್ಣಗಾಯಿತು.

ಇದಾಗಿ ಹನ್ನೊಂದು ವರ್ಷ. ಅಂದಿನಿಂದ ನಮ್ಮ ಸುತ್ತಮುತ್ತ ಯಾವ ಮನೆಯಲ್ಲಿ ಮಗು ಹೋಯಿತೆಂದು ಕೇಳಿದರೂ ಹೋಗಿ ಕೂತು ಬರುತ್ತೇನೆ. ಎಲ್ಲ ಕಡೆಯೂ ಕಂಡದ್ದು ಒಂದೇ. ದೊಡ್ಡವರು ಹೋದರೆ ಹನ್ನೊಂದು ದಿನದ ಕಾರ್ಯ, ತಿಂಗಳ ತಿಂಗಳ ಮಾಸಿಕ, ವರ್ಷದ ತಿಥಿ ಅಂತ ಮನೆಮಂದಿಗೆ ಕೈತುಂಬ ಕೆಲಸ ಇರುತ್ತದೆ. ಅಳುವುದಕ್ಕೂ ಒಂದು ದಿನ ನಿಗದಿಯಾಗಿರುತ್ತದೆ. ಮಗು ಹೋದರೆ ಇದು ಯಾವುದೂ ಇಲ್ಲ. ಶಾಸ್ತ್ರ ಚಿಕ್ಕದು, ಸಂಕಟ ದೊಡ್ಡದು. ನಡುವಿನ ಆ ಖಾಲಿ ಜಾಗದಲ್ಲೇ ಮನೆಗಳು ಮುರಿಯುವುದನ್ನು ನೋಡಿದ್ದೇನೆ. ಅಲ್ಲಿ ಮಾಡಬೇಕಾದ್ದನ್ನು ಮನೆಯವರೇ ಗೊತ್ತುಮಾಡಿಕೊಳ್ಳಬೇಕು. ಯಾವ ಹೊತ್ತಿಗೆ ಏನು ಮಾಡಬಹುದು ಅನ್ನುವುದನ್ನು, ನಾನು ಮಾಡಿದ್ದನ್ನೂ ಮಾಡದೆ ಕೊರಗಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಹೊರಡುವ ಮುಂಚೆ

ಅವಸರ ಮಾಡಬೇಡಿ. "ಬೇಗ ತಗೊಂಡು ಹೋಗೋಣ, ಊರು ಮುಟ್ಟಬೇಕು" ಅಂತ ಗಂಡಸರು ಗಡಿಬಿಡಿ ಮಾಡುತ್ತಾರೆ. ಅರ್ಧ ಗಂಟೆ ಬೇಕು ಅಂತ ನರ್ಸ್ ಹತ್ತಿರ ಕೇಳಿ. ಕೇಳಿದರೆ ಬಹಳಷ್ಟು ಕಡೆ ಕೊಡುತ್ತಾರೆ. ತಾಯಿ ಮಗುವನ್ನು ಎತ್ತಿಕೊಳ್ಳಲಿ, ತಂದೆಯೂ ಎತ್ತಿಕೊಳ್ಳಲಿ. ಹುಟ್ಟುವಾಗಲೇ ಉಸಿರಿಲ್ಲದ ಕೂಸಾದರೂ ಇದೇ ಮಾತು. "ನೋಡಬೇಡಮ್ಮ, ನೋಡಿದರೆ ಮರೆಯೋಕೆ ಆಗಲ್ಲ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನೋಡದಿದ್ದರೂ ಮರೆಯುವುದಿಲ್ಲ. ನೋಡದ ಮುಖವನ್ನು ಜೀವಮಾನವಿಡೀ ಊಹಿಸಿಕೊಳ್ಳುವುದು ಇನ್ನೂ ಕಷ್ಟ. ತಾಯಿ ತಾನಾಗಿ ಬೇಡ ಅಂದರೆ ಮಾತ್ರ ಒತ್ತಾಯ ಬೇಡ.

ಒಂದು ಫೋಟೋ ತೆಗೆಸಿಕೊಳ್ಳಿ. ಇದು ಅಪಶಕುನ ಅನ್ನುವವರಿದ್ದಾರೆ, ಅವರ ಮಾತು ಅವರಿಗಿರಲಿ. ಈಗ ನೋಡಲು ಆಗದಿದ್ದರೆ ನಂಬಿಕೆಯ ಒಬ್ಬರ ಫೋನಿನಲ್ಲಿ ಇರಲಿ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಹಚ್ಚಿ ಪಾದದ ಗುರುತು ಒಂದು ಹಾಳೆಯ ಮೇಲೆ ಒತ್ತಬಹುದು. ಒಂದೆಳೆ ಕೂದಲು, ಕೈಗೆ ಸುತ್ತಿದ್ದ ಆಸ್ಪತ್ರೆಯ ಪಟ್ಟಿ, ಉಡಿದಾರ, ಇವನ್ನೂ ತೆಗೆದಿಡಿ. ಹೊಸಕೂಸು ಕಳೆದುಕೊಂಡ ಮನೆಗಳಲ್ಲಿ ಮುಂದೆ "ನಮಗೊಂದು ಮಗು ಇತ್ತು" ಅನ್ನುವುದಕ್ಕೆ ಇಷ್ಟೇ ಸಾಕ್ಷಿ.

ಡಾಕ್ಟರ ಹತ್ತಿರ ಎರಡು ಕಾಗದ ಕೇಳಿ: ಚಿಕಿತ್ಸೆಯ ವಿವರವಿರುವ ಡೆತ್ ಸಮ್ಮರಿ, ಮತ್ತು ಸಾವಿನ ಕಾರಣ ಬರೆದ ವೈದ್ಯಕೀಯ ಪ್ರಮಾಣಪತ್ರ. ಆ ಹೊತ್ತಿನಲ್ಲಿ ಇದೆಲ್ಲ ಯಾತಕ್ಕೆ ಅನ್ನಿಸುತ್ತದೆ. ಯಾತಕ್ಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಕೃಷಿಹೊಂಡಕ್ಕೆ ಬಿದ್ದು, ಹಾವು ಕಚ್ಚಿ, ರಸ್ತೆಯಲ್ಲಿ ಅಪಘಾತವಾಗಿ ಹೋದ ಮಗುವಾದರೆ ಪೊಲೀಸರಿಗೆ ತಿಳಿಸಲೇಬೇಕು, ಮರಣೋತ್ತರ ಪರೀಕ್ಷೆಯೂ ಆಗುತ್ತದೆ. ಆ ಓಡಾಟವನ್ನು ತಂದೆಯ ಮೇಲೆ ಹೊರಿಸದೆ ನೆಂಟರಲ್ಲಿ ಒಬ್ಬರು ವಹಿಸಿಕೊಳ್ಳಲಿ.

ಮಣ್ಣಿಗೆ ಯಾರು ಹೋಗಬೇಕು

ಧರ್ಮಶಾಸ್ತ್ರಗಳಲ್ಲಿ ಎರಡು ವರ್ಷ ತುಂಬದ ಮಗುವನ್ನು ಸುಡುವಂತಿಲ್ಲ, ಹೂಳಬೇಕು. ಅಸ್ಥಿ ಆಯುವಂತಿಲ್ಲ, ಎಳ್ಳುನೀರು ಬಿಡಬೇಕಿಲ್ಲ. ಚೌಲ, ಅಂದರೆ ಮೊದಲ ಸಲ ತಲೆಗೂದಲು ತೆಗೆಸುವ ಶಾಸ್ತ್ರ, ಆಗದ ಮಗುವಿಗೆ ಒಂದು ರಾತ್ರಿಯ ಸೂತಕ, ಚೌಲವಾಗಿದ್ದರೆ ಮೂರು. ಮನೆತನದಿಂದ ಮನೆತನಕ್ಕೆ ಲೆಕ್ಕ ಬೇರೆಯಾಗುತ್ತದೆ. ಲಿಂಗಾಯತರಲ್ಲಿ ವಯಸ್ಸಿನ ಭೇದವಿಲ್ಲದೆ ಎಲ್ಲರನ್ನೂ ಹೂಳುತ್ತಾರೆ, ಶರಣರಂತೂ ಸೂತಕವನ್ನೇ ಒಪ್ಪಲಿಲ್ಲ. ಮುಸಲ್ಮಾನರಲ್ಲಿ ಹುಟ್ಟಿ ಒಂದೇ ಒಂದು ಸಲ ಅತ್ತ ಕೂಸಿಗೂ ಹೆಸರಿಟ್ಟು, ಜನಾಜಾ ನಮಾಜು ಮಾಡಿ ದಫನ್ ಮಾಡುತ್ತಾರೆ. ಕ್ರೈಸ್ತರಲ್ಲಿ ಮಗುವಿಗೂ ಚರ್ಚಿನ ಪೂಜೆ ಇದೆ. ದೀಕ್ಷಾಸ್ನಾನ ಆಗುವ ಮುಂಚೆ ಹೋದ ಕೂಸಿನ ಗತಿ ಏನು ಅಂತ ಹಿಂದಿನ ಕಾಲದ ಕಥೋಲಿಕ ತಾಯಂದಿರು ಕಂಗಾಲಾಗುತ್ತಿದ್ದರು. 2007ರಲ್ಲಿ ವ್ಯಾಟಿಕನ್‌ನ ದೇವಶಾಸ್ತ್ರ ಆಯೋಗ, ಅಂಥ ಕೂಸುಗಳಿಗೂ ಮೋಕ್ಷ ಸಿಗುತ್ತದೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದು ಬರೆಯಿತು. ನಿಮ್ಮ ಪಾದ್ರಿಯವರನ್ನು ಕೇಳಿ, ಹೇಳುತ್ತಾರೆ.

ಶಾಸ್ತ್ರ ಹೀಗೆ ಹಗುರ ಮಾಡಿದ್ದು ಕರುಣೆಯಿಂದಲೇ ಇರಬಹುದು. ಕೂಸು ಯಾವ ಪಾಪವನ್ನೂ ಹೊತ್ತಿಲ್ಲ, ಅದಕ್ಕೆ ಶುದ್ಧಿ ಯಾಕೆ ಅನ್ನುವ ಭಾವನೆ ಅದರ ಹಿಂದಿದೆ. ಆದರೆ ನಡೆಯುವಾಗ ಆಗುವುದು ಬೇರೆ. ಇಬ್ಬರು ಗಂಡಸರು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ, ಗುದ್ದು ತೋಡಿ ಮುಚ್ಚಿ ಬರುತ್ತಾರೆ, ತಾಯಿಗೆ ಎಲ್ಲಿ ಅಂತಲೂ ಹೇಳುವುದಿಲ್ಲ. ನನಗೂ ಹೇಳಲಿಲ್ಲ. ಇವರೂ ನನ್ನ ಮೈದುನನೂ ಎತ್ತಿಕೊಂಡು ಹೋದರು, ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ನಮ್ಮದೇ ತೋಟದ ಅಂಚಿನಲ್ಲಿ, ಮೂರನೇ ತೆಂಗಿನ ಗಿಡದ ಬುಡದಲ್ಲಿ ಅವನಿದ್ದಾನೆ ಅಂತ ನನಗೆ ಗೊತ್ತಾದದ್ದು ಐದು ತಿಂಗಳ ಮೇಲೆ, ಮೈದುನನನ್ನು ಗೋಗರೆದು ಕೇಳಿದಾಗ. ಆ ಐದು ತಿಂಗಳೂ ಪ್ರತಿ ಮಳೆಗೆ ನಾನು ಎದ್ದು ಕೂರುತ್ತಿದ್ದೆ, ಎಲ್ಲಿ ನೆನೆಯುತ್ತಿದ್ದಾನೋ ಅಂತ.

ಆದ್ದರಿಂದ, ತಾಯಿ ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ. ಸಂಪ್ರದಾಯ ಬಿಡುವುದೇ ಇಲ್ಲ ಅಂತಾದರೆ ಮೂರನೇ ದಿನವಾದರೂ ಜಾಗ ತೋರಿಸಿ. ಒಂದು ಕಲ್ಲು ನಿಲ್ಲಿಸಿ, ಅಥವಾ ಗಿಡ ನೆಡಿ. ಪಟ್ಟಣದ ಸ್ಮಶಾನದಲ್ಲಾದರೆ ಕಾವಲುಗಾರನ ಹತ್ತಿರ ಜಾಗದ ಗುರುತು ಬರೆಸಿಕೊಳ್ಳಿ, ಅದೇ ಜಾಗವನ್ನು ಎಷ್ಟು ವರ್ಷದ ಮೇಲೆ ಮತ್ತೆ ಅಗೆಯುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ. ಕೂಸಿನ ಜೊತೆ ಏನಿಟ್ಟು ಕಳಿಸಬೇಕು ಅನ್ನುವುದನ್ನು ತಾಯಿಯೇ ಹೇಳಲಿ. ಹೊದೆಯುತ್ತಿದ್ದ ಕೌದಿಯೋ, ಗಿಲಕಿಯೋ. ನಿದ್ರೆ ಮಾತ್ರೆ ಕೊಟ್ಟು ತಾಯಿಯನ್ನು ಮಲಗಿಸಿ, ಅಷ್ಟರಲ್ಲಿ ಎಲ್ಲ ಮುಗಿಸಿಬಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಎದೆಹಾಲು

ಇದರ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ. ನಮ್ಮ ಪುಟ್ಟ ಮೊಲೆ ಬಿಟ್ಟು ಆರು ತಿಂಗಳಾಗಿತ್ತು, ನನಗೆ ಈ ಕಷ್ಟ ಬರಲಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಬಂತು, ಒಂಬತ್ತು ದಿನದ ಕೂಸು ಅದು. ಬೇರೆ ಯಾವುದೋ ಮನೆಯ ಮಗು ಅತ್ತರೂ ಅವಳ ರವಿಕೆ ನೆನೆಯುತ್ತಿತ್ತು. ಹುಟ್ಟಿದಾಗಲೇ ಕೂಸು ಇಲ್ಲವಾದರೂ ಹೆರಿಗೆಯಾಗಿ ಎರಡರಿಂದ ನಾಲ್ಕು ದಿನಕ್ಕೆ ಹಾಲು ಇಳಿದೇ ಇಳಿಯುತ್ತದೆ. ಮೈಗೆ ಮಗು ಇಲ್ಲ ಅನ್ನುವುದು ಗೊತ್ತಾಗುವುದಿಲ್ಲ.

ಮೈಗೆ ಸರಿಯಾಗಿ ಕೂರುವ ಒಳ ಉಡುಪು ಹಾಕಿಕೊಳ್ಳಿ. ಹಳಬರು ಮಾಡುವಂತೆ ಬಟ್ಟೆ ಬಿಗಿದು ಕಟ್ಟಬೇಡಿ, ಹಾಲು ಗಂಟು ಕಟ್ಟಿ ಬಾವು ಬರುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ತಡೆಯಲಾರದಷ್ಟು ಬಿಗಿತವಾದಾಗ ಸ್ವಲ್ಪವೇ ಸ್ವಲ್ಪ ಹಿಂಡಿ ತೆಗೆಯಿರಿ. ಪೂರ್ತಿ ತೆಗೆದರೆ ಮತ್ತೆ ತುಂಬುತ್ತದೆ. ಎದೆಗೆ ಮಲ್ಲಿಗೆ ಹೂವು ಕಟ್ಟುವ ಅಜ್ಜಿಯರ ಪದ್ಧತಿಯನ್ನು ತಳ್ಳಿಹಾಕಬೇಡಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅದನ್ನು ಹಾಲು ನಿಲ್ಲಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದ್ದರು, ಹೂವಿನಿಂದಲೂ ಹಾಲು ಕಡಿಮೆಯಾಗಿತ್ತು. ಮಾತ್ರೆ ಬೇಕೆನಿಸಿದರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಬಿ.ಪಿ. ಇರುವವರಿಗೆ ಎಲ್ಲವೂ ಆಗುವುದಿಲ್ಲ. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅದೇ ದಿನ ತೋರಿಸಿ. ಕೆಲವು ತಾಯಂದಿರು ಆ ಹಾಲನ್ನು ದಾನ ಮಾಡಲು ಬಯಸುತ್ತಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಇದೆ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅದು ಹೋಗುತ್ತದೆ. ಇದು ಅವರವರ ಮನಸ್ಸಿಗೆ ಬಿಟ್ಟದ್ದು.

ಬಾಣಂತಿತನದ ಆರೈಕೆ ನಿಲ್ಲಿಸಬೇಡಿ. ಕೂಸಿಲ್ಲ ಅಂತ ಮೂರನೇ ದಿನಕ್ಕೇ ಒಲೆ ಮುಂದೆ ನಿಲ್ಲಿಸಿದ ಮನೆಗಳನ್ನು ಕಂಡಿದ್ದೇನೆ. ಹೆತ್ತ ಮೈ ಹೆತ್ತ ಮೈಯೇ. ಬಿಸಿನೀರು, ಪಥ್ಯದ ಊಟ, ಮಲಗುವುದಕ್ಕೆ ಜಾಗ ಎಲ್ಲವೂ ಅವಳಿಗೆ ಸಲ್ಲಬೇಕು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಂದಿರಿಗೆ, ಕೂಸು ಹುಟ್ಟುವಾಗಲೇ ಅಥವಾ 28 ದಿನದೊಳಗೆ ತೀರಿಕೊಂಡರೆ 60 ದಿನಗಳ ವಿಶೇಷ ಹೆರಿಗೆ ರಜೆ ಉಂಟು, 2022ರ ಸೆಪ್ಟೆಂಬರ್‌ನಲ್ಲಿ ಆದೇಶವಾಗಿದೆ. ಉಳಿದವರು ತಮ್ಮ ಕಚೇರಿಯಲ್ಲಿ ಕೇಳಲಿ, ಸಂಕೋಚಪಡಬೇಕಿಲ್ಲ.

ಕಾಗದಪತ್ರ

ಮರಣ ನೋಂದಣಿಗೆ 21 ದಿನ. ಅದರೊಳಗಾದರೆ ಶುಲ್ಕವಿಲ್ಲ. 30 ದಿನದವರೆಗೆ ತಡ ಶುಲ್ಕ, ಅದು ಮೀರಿದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮಾಹಿತಿ ಕಳಿಸುವುದು ಆಸ್ಪತ್ರೆಯವರ ಹೊಣೆ, ಮನೆಯಲ್ಲಾದರೆ ಮನೆಯವರದು. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಹುಟ್ಟಿ ಎರಡೇ ದಿನಕ್ಕೆ ಹೋದ ಕೂಸಾದರೂ ಮೊದಲು ಜನನ, ಆಮೇಲೆ ಮರಣ, ಎರಡೂ ದಾಖಲಾಗಬೇಕು. ಅಷ್ಟು ಚಿಕ್ಕ ಕೂಸಿಗೆ ಯಾತಕ್ಕೆ ಅಂತ ಬಿಟ್ಟುಬಿಡುವವರೇ ಹೆಚ್ಚು. ನಾನು ಬೇಕು ಅನ್ನುತ್ತೇನೆ. ಮಗು ಬದುಕಿತ್ತು ಅನ್ನುವುದಕ್ಕೆ ಸರ್ಕಾರದ ಮುದ್ರೆಯಿರುವ ಕಾಗದ ಅದು.

ಹೆಣ್ಣುಮಗುವಿನ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆಯಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಮುಚ್ಚಬೇಕು, ಹಣ ಬಡ್ಡಿ ಸಮೇತ ಪೋಷಕರಿಗೆ ಬರುತ್ತದೆ. ಪಡಿತರ ಚೀಟಿಯಿಂದ ಹೆಸರು ತೆಗೆಸುವ ಕೆಲಸ ತಂದೆತಾಯಿಗೆ ಬೇಡ, ಚಿಕ್ಕಪ್ಪನೋ ಸೋದರಮಾವನೋ ಮಾಡಲಿ. ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಯಾರಾದರೂ ತಪ್ಪದೆ ತಿಳಿಸಿ. ತಿಂಗಳು ಕಳೆದ ಮೇಲೆ "ಲಸಿಕೆಗೆ ಕರ್ಕೊಂಡು ಬನ್ನಿ" ಅಂತ ಫೋನು ಬಂದಾಗ ಆಗುವುದನ್ನು ಹೇಳಲು ನನಗೆ ಮಾತಿಲ್ಲ. "ಎರಡು ವರ್ಷದ ಹಿಂದೆ ಈ ದಿನ" ಅಂತ ಫೋಟೋ ತಾನಾಗಿ ಮೇಲೆ ಬರುವುದನ್ನು ಫೋನಿನಲ್ಲಿ ಸ್ವಲ್ಪ ಕಾಲ ನಿಲ್ಲಿಸಿಡಬಹುದು. ಅಳಿಸಬೇಡಿ, ನಿಲ್ಲಿಸಿಡಿ.

ನೋಡಲು ಬರುವವರಿಗೆ

ಬೈಬಲಿನಲ್ಲಿ ಯೋಬನ ಕಥೆ ಬರುತ್ತದೆ. ಮಕ್ಕಳನ್ನೆಲ್ಲ ಕಳೆದುಕೊಂಡವನ ಹತ್ತಿರ ಮೂವರು ಗೆಳೆಯರು ಬಂದು, ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಆಮೇಲೆ ಬಾಯಿಬಿಟ್ಟು, ನೀನು ಏನೋ ತಪ್ಪು ಮಾಡಿರಬೇಕು ಅನ್ನುವುದಕ್ಕೆ ಶುರುಮಾಡಿದಾಗಲೇ ಎಲ್ಲ ಕೆಟ್ಟಿತು. ನಮ್ಮ ಊರುಗಳಲ್ಲೂ ಅದೇ ನಡೆಯುತ್ತದೆ.

"ಇನ್ನೊಂದು ಆಗುತ್ತೆ ಬಿಡು", "ಇನ್ನೊಬ್ಬಳು ಇದ್ದಾಳಲ್ಲ", "ದೊಡ್ಡದಾದ ಮೇಲೆ ಹೋಗಿದ್ರೆ ಇನ್ನೂ ಕಷ್ಟ", "ಒಳ್ಳೇವರನ್ನ ದೇವರು ಬೇಗ ಕರ್ಕೋತಾನೆ". ಈ ನಾಲ್ಕನ್ನೂ ನಾಲಿಗೆ ತುದಿಗೆ ಬಂದರೂ ನುಂಗಿಬಿಡಿ. ಆತ್ಮಕ್ಕೆ ಸಾವಿಲ್ಲ ಅಂತ ಗೀತೆ ಹೇಳಲು ಹೋಗಬೇಡಿ. ಆ ಮಾತನ್ನು ಕೃಷ್ಣನ ಬಾಯಿಂದಲೇ ಕೇಳಿದ ಅರ್ಜುನ ಅಭಿಮನ್ಯು ಸತ್ತ ಸಂಜೆ ಗೊಳೋ ಎಂದು ಅತ್ತ. ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನೂ ಬಹಳ ಜನ ನನಗೆ ಹೇಳಿದರು. ಸಾವು ಎಲ್ಲರ ಮನೆಯಲ್ಲೂ ಇದೆ, ಅಳಬೇಡ ಅನ್ನುವ ಅರ್ಥದಲ್ಲಿ. ನನಗೆ ಆ ಕಥೆ ಹಾಗೆ ಕೇಳಿಸುವುದಿಲ್ಲ. ಬುದ್ಧ ಕಿಸಾಗೋತಮಿಗೆ ಉಪದೇಶ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡೇ ಮನೆ ಮನೆಗೆ ಹೋಗಿ ಬಾ ಅಂದ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ತಮ್ಮ ಮನೆಯ ಸಾವನ್ನು ಹೇಳಿಕೊಂಡರು. ಅವಳನ್ನು ಉಳಿಸಿದ್ದು ಆ ಬಾಗಿಲುಗಳು. ನೀವು ಅಂಥ ಒಂದು ಬಾಗಿಲಾದರೆ ಸಾಕು.

ಅನ್ನ ಮಾಡಿ ತನ್ನಿ. ಪಾತ್ರೆ ತೊಳೆಯಿರಿ. ಹಸು ಇದ್ದರೆ ಹಾಲು ಕರೆದು ಡೇರಿಗೆ ಹಾಕಿ ಬನ್ನಿ. ಮಗುವಿನ ಹೆಸರು ಹಿಡಿದು ಮಾತಾಡಿ, "ನಮ್ಮನೆಗೆ ಬಂದಾಗ ಬೆಲ್ಲದ ಡಬ್ಬ ತೆಗೆದಿದ್ದ" ಅಂತ ಒಂದು ನೆನಪು ಹೇಳಿ. ಅತ್ತರೆ ಅಳಲಿ. ಮೂರನೇ ದಿನ ಬರುವುದಕ್ಕಿಂತ ಮೂರನೇ ತಿಂಗಳು ಬನ್ನಿ, ಆಗ ಯಾರೂ ಬರುವುದಿಲ್ಲ.

ಮನೆಯಲ್ಲಿರುವ ಇನ್ನೊಂದು ಮಗು

ನಮ್ಮ ದೊಡ್ಡ ಮಗಳಿಗೆ ಆಗ ಐದು ವರ್ಷ. "ಪುಟ್ಟ ನಿದ್ದೆ ಮಾಡ್ತಿದಾನೆ" ಅಂತ ಯಾರೋ ಹೇಳಿದರು. ಆಮೇಲೆ ಎರಡು ತಿಂಗಳು ಅವಳು ರಾತ್ರಿ ಕಣ್ಣು ಮುಚ್ಚಲಿಲ್ಲ. ನಾನು ಮಲಗಿದರೆ ರೆಪ್ಪೆ ಎಳೆದು ಎಬ್ಬಿಸುತ್ತಿದ್ದಳು. ಊರಿಗೆ ಹೋಗಿದ್ದಾನೆ, ದೇವರು ಎತ್ತಿಕೊಂಡ, ಚುಕ್ಕಿಯಾಗಿದ್ದಾನೆ, ಇವೂ ಹಾಗೆಯೇ. ಊರಿಗೆ ಹೋದವರು ವಾಪಸು ಬರಬೇಕಲ್ಲ? ದೇವರು ನಾಳೆ ನನ್ನನ್ನೂ ಎತ್ತಿಕೊಂಡರೆ?

ಸತ್ತುಹೋದ ಅಂತಲೇ ಹೇಳಿ. "ಪುಟ್ಟನಿಗೆ ತುಂಬಾ ದೊಡ್ಡ ಕಾಯಿಲೆ ಬಂತು. ಡಾಕ್ಟರು ಎಷ್ಟು ಮಾಡಿದರೂ ವಾಸಿ ಆಗಲಿಲ್ಲ. ಸತ್ತುಹೋದ. ಸತ್ತ ಮೇಲೆ ಉಸಿರಾಡಲ್ಲ, ನೋವಾಗಲ್ಲ, ಹಸಿವಾಗಲ್ಲ, ವಾಪಸು ಬರಲ್ಲ. ನಿನಗೆ ಬರುವ ನೆಗಡಿ ಜ್ವರ ಅಂಥದ್ದಲ್ಲ." ಚಿಕ್ಕವರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅದೇ ಮಾತಲ್ಲಿ ಮತ್ತೆ ಮತ್ತೆ ಹೇಳಿ. ಸಾವು ಅಂದರೆ ಮರಳದ್ದು ಅನ್ನುವುದು ಐದಾರು ವರ್ಷದ ಒಳಗಿನವರಿಗೆ ಪೂರ್ತಿ ತಿಳಿಯುವುದಿಲ್ಲ. ಅಳುತ್ತಾ ಇದ್ದವಳು ಐದೇ ನಿಮಿಷಕ್ಕೆ ಆಟಕ್ಕೆ ಓಡಿದರೆ ಬೈಯಬೇಡಿ. ಗೊಂಬೆಯನ್ನು ಮಣ್ಣಲ್ಲಿ ಹೂಳುವ ಆಟವಾಡಿದರೂ ಗಾಬರಿ ಬೇಡ, ಅವರು ಅರ್ಥಮಾಡಿಕೊಳ್ಳುವ ರೀತಿ ಅದು. ಕೇಳದಿದ್ದರೂ ಒಂದು ಮಾತು ನೀವೇ ಹೇಳಿಬಿಡಿ: "ಇದು ನಿನ್ನಿಂದ ಆಗಿದ್ದಲ್ಲ." ಆಟದಲ್ಲಿ ತಮ್ಮನನ್ನು ತಳ್ಳಿದ್ದು, ಅವನು ಬೇಡ ಅಂದಿದ್ದು, ಇವೆಲ್ಲ ಅವರ ತಲೆಯಲ್ಲಿ ಕೂತಿರುತ್ತವೆ. ನನ್ನ ಮಗಳು ಇದನ್ನು ಬಾಯಿಬಿಟ್ಟು ಹೇಳಿದ್ದು ಒಂಬತ್ತನೇ ವರ್ಷಕ್ಕೆ.

ಗಂಡ ಹೆಂಡತಿ

ಐದನೇ ದಿನಕ್ಕೆ ಇವರು ತೋಟಕ್ಕೆ ಹೋದರು. ಕಲ್ಲೆದೆ ಅಂದುಕೊಂಡೆ, ಅಂದೂಬಿಟ್ಟೆ. ಪಂಪ್‌ಸೆಟ್ ಮನೆಯಲ್ಲಿ ಮೋಟರ್ ಹಾಕಿ, ಆ ಸದ್ದಲ್ಲಿ ಯಾರಿಗೂ ಕೇಳಿಸದಂತೆ ಅಳುತ್ತಿದ್ದರು ಅಂತ ತಿಳಿದದ್ದು ವರ್ಷ ಕಳೆದ ಮೇಲೆ. ಇಬ್ಬರ ದುಃಖ ಒಂದೇ ಹೊತ್ತಿಗೆ ಒಂದೇ ಥರ ಬರುವುದಿಲ್ಲ. ಒಬ್ಬರಿಗೆ ಮಾತಾಡಬೇಕು, ಇನ್ನೊಬ್ಬರಿಗೆ ಕೆಲಸ ಬೇಕು. ಒಬ್ಬರಿಗೆ ಹತ್ತಿರ ಮಲಗಬೇಕು ಅನಿಸುತ್ತದೆ, ಇನ್ನೊಬ್ಬರಿಗೆ ಮುಟ್ಟಿದರೂ ಆಗುವುದಿಲ್ಲ. ಇದನ್ನು ಪ್ರೀತಿಯ ಅಳತೆಗೋಲು ಮಾಡಿಕೊಳ್ಳಬೇಡಿ.

ನಮಗೆ ಕೊನೆಗೆ ದಾರಿಯಾದದ್ದು ತೀರ ಸಣ್ಣ ಏರ್ಪಾಡು. ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಒಂದು ಕಾಲು ಗಂಟೆ ಕೂರುವುದು. ಇಷ್ಟವಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಎದ್ದು ಹೋಗುವಂತಿಲ್ಲ, ಅಷ್ಟೇ ಕಟ್ಟಳೆ. ತವರಿಗೆ ಕಳಿಸುವ ವಿಚಾರವನ್ನೂ ಇಬ್ಬರೂ ಸೇರಿಯೇ ತೀರ್ಮಾನಿಸಿ. ತಿಂಗಳುಗಟ್ಟಲೆ ಅವಳು ಅಲ್ಲಿ, ಇವನು ಇಲ್ಲಿ ಆದರೆ ನಡುವೆ ಬೇರೆಯವರ ಮಾತು ಬೆಳೆಯುತ್ತದೆ. "ನೀನು ಇನ್ನೂ ಒಂದು ದಿನ ಮುಂಚೆ ಆಸ್ಪತ್ರೆಗೆ ಕರೆದೊಯ್ದಿದ್ದರೆ" ಅನ್ನುವ ಮಾತನ್ನು ಒಬ್ಬರಿಗೊಬ್ಬರು ಅನ್ನಬೇಡಿ. ಆ ಪ್ರಶ್ನೆ ಇದ್ದರೆ ಡಾಕ್ಟರನ್ನು ಕೇಳಿ. ಮೊದಲು ಹೇಳಿದ ಕಾಗದಗಳು ಇದಕ್ಕೇ ಬೇಕಾಗುವುದು. ಒಂದೂವರೆ ತಿಂಗಳು ಬಿಟ್ಟು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಇಬ್ಬರೂ ಹೋಗಿ. ಮೊದಲ ರಾತ್ರಿ ಪ್ಯಾರಾಸಿಟಮಾಲ್ ಹಾಕಿ ಮಲಗಿಸಿದ್ದೇ ತಪ್ಪಾಯಿತಾ ಅಂತ ನಾನು ಕೇಳಿದೆ. "ಆ ದಿನ ನನ್ನ ಹತ್ತಿರ ತಂದಿದ್ದರೂ ನಾನೂ ಅದನ್ನೇ ಹಾಕುತ್ತಿದ್ದೆ" ಅಂದರು ಅವರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ನಿಂತಿದ್ದೇನೆ.

ಅಜ್ಜಿ ತಾತನನ್ನು ಮರೆಯಬೇಡಿ. ಅವರಿಗೆ ಮೊಮ್ಮಗುವಿನ ಸಂಕಟವೂ ಇದೆ, ತಮ್ಮ ಮಕ್ಕಳು ನರಳುವುದನ್ನು ನೋಡುವ ಸಂಕಟವೂ ಇದೆ.

ದೇವರ ಕೋಣೆ

ನಾನು ಹದಿನಾಲ್ಕು ತಿಂಗಳು ದೀಪ ಹಚ್ಚಲಿಲ್ಲ. ನಮ್ಮತ್ತೆ ಒಂದು ದಿನವೂ ಯಾಕೆ ಅನ್ನಲಿಲ್ಲ. ತಾವೇ ಹಚ್ಚಿ, ಕುಂಕುಮದ ಬಟ್ಟಲನ್ನು ಹೊಸ್ತಿಲ ಹತ್ತಿರ ಇಟ್ಟು ಹೋಗುತ್ತಿದ್ದರು, ಬೇಕಾದರೆ ಇಟ್ಟುಕೊಳ್ಳಲಿ ಅಂತ. ದೇವರ ಮೇಲೆ ಸಿಟ್ಟು ಬರುವುದು ನಾಸ್ತಿಕತನವಲ್ಲ. ಇಲ್ಲದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಪೂಜೆಗೆ ಎಳೆಯಬೇಡಿ, ಬಿಡಿಸಲೂ ಹೋಗಬೇಡಿ.

ಅಳುವುದು ನಂಬಿಕೆ ಸಾಲದ ಲಕ್ಷಣ ಅನ್ನುವವರಿಗೆ ನನ್ನ ಗೆಳತಿಯೊಬ್ಬಳು ಕೊಡುತ್ತಿದ್ದ ಉತ್ತರ ಇದು. ಪ್ರವಾದಿ ಮಹಮ್ಮದರ ಮಗ ಇಬ್ರಾಹೀಮ್ ಎಳೆಗೂಸಾಗಿದ್ದಾಗಲೇ ತೀರಿಕೊಂಡ. ಅವರು ಅತ್ತರು. ನೀವೂ ಅಳುತ್ತೀರಾ ಅಂತ ಕೇಳಿದ್ದಕ್ಕೆ, ಇದು ಕರುಣೆ ಅಂದರು. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ಆದರೂ ನಮ್ಮ ಒಡೆಯನಿಗೆ ಮೆಚ್ಚಿಕೆಯಾಗುವುದನ್ನೇ ನುಡಿಯುತ್ತೇವೆ ಅಂದರು. ಅವಳೂ ಒಂದು ಗಂಡುಕೂಸನ್ನು ಕಳೆದುಕೊಂಡವಳೇ.

ಋಣ ಅನ್ನುವ ಮಾತಿನ ಬಗ್ಗೆ. "ನಮಗೂ ಅದಕ್ಕೂ ಋಣ ಇದ್ದದ್ದು ಅಷ್ಟೇ" ಅಂತ ಹೆತ್ತವಳು ತಾನಾಗಿ ಅಂದುಕೊಂಡರೆ ಅದರಲ್ಲಿ ನೆಮ್ಮದಿ ಇದೆ. ಅದೇ ಮಾತು ಬೇರೆಯವರ ಬಾಯಿಂದ ಬಂದರೆ ಕೆನ್ನೆಗೆ ಹೊಡೆದ ಹಾಗೆ. ಹೋದ ಜನ್ಮದ ಪಾಪ, ಸೊಸೆಯ ಕಾಲ್ಗುಣ, ಸರ್ಪದೋಷ ಅಂತ ಶುರುಮಾಡುವವರನ್ನು ಮನೆಯ ಹಿರಿಯರೊಬ್ಬರು ಹೊರಬಾಗಿಲಲ್ಲೇ ತಡೆಯಬೇಕು. ಕುಕ್ಕೆಗೆ ಹೋಗಿ ಎರಡು ದಿನದ ಸರ್ಪಸಂಸ್ಕಾರ ಮಾಡಿಸಿಬಂದು ಹಗುರಾದವರನ್ನು ನಾನು ಬಲ್ಲೆ, ಬೇಡ ಅನ್ನುವುದಿಲ್ಲ. ಆದರೆ ಅದು ನಿಮ್ಮ ಮನಸ್ಸು ಕೇಳಿದ್ದಾಗಿರಲಿ. ಯಾರೋ ಹೆದರಿಸಿದ್ದಕ್ಕೆ ಬಡ್ಡಿಗೆ ಸಾಲ ತಂದು ಶಾಂತಿ ಮಾಡಿಸಬೇಡಿ. ಮಗು ಹೋದದ್ದು ನಿಮ್ಮ ದೋಷದಿಂದಲ್ಲ.

ಮಗುವಿಗೆ ತಿಥಿ ಇಲ್ಲ ಅಂದ ಮಾತ್ರಕ್ಕೆ ನೆನಪಿಗೆ ದಿನವಿಲ್ಲ ಅಂತಲ್ಲ. ತುಳುನಾಡಿನ ಕೆಲವು ಮನೆತನಗಳಲ್ಲಿ ಪ್ರೇತ ಮದುವೆ ಅಂತ ಇದೆ. ಚಿಕ್ಕಂದಿನಲ್ಲೇ ಸತ್ತ ಮಗುವಿಗೆ ಮದುವೆಯ ವಯಸ್ಸಾಯಿತು ಅಂತ ಲೆಕ್ಕ ಹಾಕಿ, ಅದೇ ಥರ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಸೀರೆ, ದಿಬ್ಬಣ, ಊಟ ಎಲ್ಲ ಇಟ್ಟು ಮದುವೆ ಮಾಡುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ. ನನಗೆ ಅದರಲ್ಲಿ ಕಾಣುವುದು ಇಪ್ಪತ್ತು ಮೂವತ್ತು ವರ್ಷ ಮಗುವಿನ ವಯಸ್ಸು ಎಣಿಸುತ್ತಲೇ ಇದ್ದ ಒಬ್ಬ ತಾಯಿ. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ಎರಡನೇ ವರ್ಷ ನಮ್ಮತ್ತೆ ಯಾರನ್ನೂ ಕೇಳದೆ ಬದಿಗೊಂದು ಚಿಕ್ಕ ಎಲೆ ಹಾಕಿದರು. ಅದರ ಮೇಲೆ ಒಂದು ಬಾಳೆಹಣ್ಣು, ಎರಡು ಗ್ಲೂಕೋಸ್ ಬಿಸ್ಕತ್ತು. ಅವತ್ತು ಸಂಜೆ ನಾನು ದೀಪ ಹಚ್ಚಿದೆ.

ಬಟ್ಟೆಬರೆ

ಸೂತಕ ಕಳೆಯುವ ನೆಪದಲ್ಲಿ ಮಗುವಿನ ಬಟ್ಟೆ, ತೊಟ್ಟಿಲು, ಆಟಿಕೆಗಳನ್ನು ತಾಯಿಗೆ ಕೇಳದೆ ಸಾಗಿಸಬೇಡಿ. ಒಂದು ಅಂಗಿಯನ್ನು ಒಗೆಯದೆ ಹಾಗೇ ಕವರಿನಲ್ಲಿ ಕಟ್ಟಿಡಿ, ಮೈವಾಸನೆ ಬಹಳ ದಿನ ಉಳಿಯುತ್ತದೆ. ಉಳಿದದ್ದನ್ನು ಯಾವಾಗ, ಯಾರಿಗೆ ಕೊಡಬೇಕು ಅನ್ನುವುದಕ್ಕೆ ಗಡುವಿಲ್ಲ.

ಯಾವಾಗ ಸಹಾಯ ಕೇಳಬೇಕು

ಮಗು ಕರೆದ ಹಾಗೆ ಕೇಳಿಸುವುದು, ಬಾಗಿಲ ಸಂದಿಯಲ್ಲಿ ಕಂಡ ಹಾಗಾಗುವುದು ಹುಚ್ಚಲ್ಲ, ಬಹಳ ಜನಕ್ಕೆ ಆಗುತ್ತದೆ. ಆದರೆ ಊಟ ನಿದ್ದೆ ಪೂರ್ತಿ ಬಿಟ್ಟುಹೋದರೆ, ಕುಡಿತ ಹೆಚ್ಚಾದರೆ, ಉಳಿದ ಮಗುವನ್ನು ಕಣ್ಣೆತ್ತಿ ನೋಡಲೂ ಆಗದಿದ್ದರೆ, ಆರು ತಿಂಗಳು ಕಳೆದರೂ ಮೊದಲ ವಾರದಷ್ಟೇ ತೀವ್ರವಾಗಿ ಏನೂ ಮಾಡಲಾಗದೆ ಕೂತಿದ್ದರೆ ವೈದ್ಯರ ಹತ್ತಿರ ಹೋಗಿ. "ನಾನೂ ಅವನ ಹತ್ತಿರ ಹೋಗ್ತೀನಿ" ಅನ್ನುವ ಮಾತು ಬಂದರೆ ಆರು ತಿಂಗಳು ಕಾಯುವುದಲ್ಲ, ಅವತ್ತೇ. ಒಬ್ಬರೇ ಇರಲು ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಫೋನು ಮಾಡುವುದಕ್ಕೆ ಹುಷಾರಿಲ್ಲದವರೇ ಬೇಕಿಲ್ಲ, ಮನೆಯವರೂ ಮಾಡಿ ಏನು ಮಾಡಲಿ ಅಂತ ಕೇಳಬಹುದು.

ಮುಂದಿನ ಮಗು

ಬೇಕೋ ಬೇಡವೋ, ಯಾವಾಗ ಅನ್ನುವುದು ಗಂಡಹೆಂಡಿರ ಮಾತು. ಡಾಕ್ಟರನ್ನು ಕೇಳಿ, ಮೈ ಸುಧಾರಿಸಲು ಬಿಡಿ. ಹುಟ್ಟಿನಿಂದ ಬಂದ ಕಾಯಿಲೆಯಿಂದ ಮಗು ಹೋಗಿದ್ದರೆ, ಅದರಲ್ಲೂ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ, ಮುಂದಿನ ಬಸಿರಿಗೆ ಮುಂಚೆ ವಂಶವಾಹಿ ಸಲಹೆ ಪಡೆಯಿರಿ. ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ದಾರಿ ತೋರಿಸುತ್ತಾರೆ. ಹೋದ ಮಗುವಿನ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಬೇಕು.

"ಅವನೇ ಮತ್ತೆ ಹುಟ್ಟಿ ಬಂದ" ಅಂತ ಹೇಳಬೇಡಿ, ಅದೇ ಹೆಸರನ್ನೂ ಇಡಬೇಡಿ. ನಮಗೆ ಆಮೇಲೆ ಹೆಣ್ಣಾಯಿತು, ಈಗ ಎಂಟು ವರ್ಷ. ಅವಳು ಅವಳೇ.

"ನಿಮಗೆಷ್ಟು ಮಕ್ಕಳು?"

ಈ ಪ್ರಶ್ನೆ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಗಣತಿಗೆ ಬಂದವರಿಂದ ಬರುತ್ತಲೇ ಇರುತ್ತದೆ. ಮೊದಮೊದಲು ಇಬ್ಬರು ಅಂತ ಹೇಳಿ ಮನೆಗೆ ಬಂದು ಅಳುತ್ತಿದ್ದೆ. ಈಗ ಎರಡು ಉತ್ತರ ಇಟ್ಟುಕೊಂಡಿದ್ದೇನೆ. ದಾರಿಹೋಕರಿಗೆ "ಇಬ್ಬರು ಹೆಣ್ಣುಮಕ್ಕಳು". ಎರಡನೇ ಸಲ ಸಿಗುವವರಿಗೆ "ಮೂವರು, ನಡುವಿನವನು ಇಲ್ಲ". ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿರಿ, ಒಬ್ಬರು ಮೂರು ಅಂದು ಇನ್ನೊಬ್ಬರು ಎರಡು ಅಂದರೆ ನೋವಾಗುತ್ತದೆ.

ಆಮೇಲೆ ಹುಟ್ಟಿದ ಮಗುವಿಗೆ ಹೋದ ಮಗುವಿನ ವಿಷಯ ಚಿಕ್ಕಂದಿನಿಂದಲೇ ಗೊತ್ತಿರಲಿ, ಒಂದು ದಿನ ಕೂರಿಸಿ ಹೇಳುವ ಗುಟ್ಟಾಗುವುದು ಬೇಡ. ಶಾಲೆಯ ಟೀಚರಿಗೂ ಜೂನ್ ತಿಂಗಳಲ್ಲೇ ಒಂದು ಮಾತು ತಿಳಿಸಿ. ನಾನು ತಿಳಿಸಿರಲಿಲ್ಲ. ಹೋದ ವರ್ಷ "ನನ್ನ ಕುಟುಂಬ" ಅಂತ ಬರೆಯಲು ಹೇಳಿದ್ದರು. ಚಿಕ್ಕವಳು ಅಕ್ಕನ ಕೆಳಗೆ "ಅಣ್ಣ, ತೋಟದಲ್ಲಿದ್ದಾನೆ" ಅಂತ ಬರೆದು, ತೆಂಗಿನ ಗಿಡ ಬಿಡಿಸಿ ಬಂದಿದ್ದಳು. ಟೀಚರ್ ಫೋನು ಮಾಡಿ, ಬರೆದದ್ದು ಸರಿಯೇ ಅಂತ ಕೇಳಿದರು. ಸರಿ ಅಂದೆ.